ಪೂಜೆ ಆದಮೇಲೆ ಹಾಕಿಕೊಳ್ಳಿ

ಕಡೂರು
೨ ಸೆಪ್ಟೆಂಬರ್ ೨೦೨೪

ಅಪ್ಪಾಜಿಗೆ ಸುಮನಾ ಮಾಡುವ ನಮಸ್ಕಾರ.

ಕಡೂರಿನಿಂದ ತರೀಕೆರೆ ಒಂದು ಗಂಟೆಯ ದಾರಿ, ಅಷ್ಟಕ್ಕೆ ಕಾಗದವೇ ಎಂದು ನೀವು ಕನ್ನಡಕ ಹುಡುಕುವಾಗಲೇ ಗೊಣಗಿರುತ್ತೀರಿ. ಏನು ಮಾಡಲಿ? ನಲವತ್ತೈದು ವರ್ಷ ಕಬ್ಬಿಣ ಬಡಿದು ಕಿವಿ ಕಳೆದುಕೊಂಡಿದ್ದೀರಿ. ಫೋನಿನಲ್ಲಿ ನಾನು ಒಂದು ಕೇಳಿದರೆ ನೀವು ಇನ್ನೊಂದಕ್ಕೆ ಉತ್ತರ ಕೊಡುತ್ತೀರಿ. ಎದುರಿಗೆ ಬಂದರೆ ಕೂಗಬೇಕು. ಈಗ ಬರೆಯುವ ಸಂಗತಿಯನ್ನು ಕಾರ್ಖಾನೆಯ ಅಂಗಳದಲ್ಲಿ ನಿಂತು, ಅರವತ್ತು ಜನ ಕೇಳುವಂತೆ ಕೂಗಲು ನನ್ನಿಂದ ಆಗುವುದಿಲ್ಲ.

ನಾನು ಕೆಲಸ ಮಾಡುವ ನರ್ಸಿಂಗ್ ಹೋಮಿಗೆ ನಮ್ಮ ಮೆಷಿನ್ನಿಗೆ ಸಿಕ್ಕಿಕೊಂಡ ಕೈ ಬಂದದ್ದು ಈ ವರ್ಷ ಇದು ಮೂರನೆಯ ಸಲ. ಮೊನ್ನೆ ಯಗಟಿ ಕಡೆಯ ಹೆಂಗಸು. ಬಲಗೈಯ ಎರಡು ಬೆರಳು ಹೋಗಿವೆ. ಗಾಯ ತೊಳೆಯುತ್ತಾ ಹೇಗಾಯಿತೆಂದು ಕೇಳಿದೆ. “ಮೇವು ಕೊಡ್ತಿದ್ದೆ. ಸುಮನಾ ಕೈ ಎಳ್ಕೊಂಬುಡ್ತು ಕಣವ್ವ” ಎಂದಳು. ಪಕ್ಕದಲ್ಲಿದ್ದ ಗಂಡ, “ಸುಮನಾ ಬಲು ಜೋರು ಸಿಸ್ಟ್ರೇ, ಒಂದ್ಸಲ ಹಿಡಿದ್ರೆ ಬಿಡಂಗಿಲ್ಲ” ಎಂದ. ಮೇವು ಕತ್ತರಿಸುವ ಯಂತ್ರಕ್ಕೆ ಮಗಳ ಹೆಸರಿಟ್ಟಿರಿ. ಊರೂರಲ್ಲೂ ನನ್ನ ಹೆಸರು ಬಾಯಿಗೆ ಬಂತು ಎಂದು ಚಿಕ್ಕವಳಿದ್ದಾಗ ಜಂಬಪಡುತ್ತಿದ್ದೆ. ಈಗ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಭಾನುವಾರ ಅವರ ಮನೆಗೇ ಹೋಗಿ ನೋಡಿದೆ. ಮೆಷಿನ್ ಬಾಯಿ ಬಿಟ್ಟುಕೊಂಡಿದೆ. ರೋಲರಿನ ಹಲ್ಲೂ ಒಳಗಿನ ಬ್ಲೇಡೂ ಕಾಣುತ್ತವೆ. ಅದರ ಮುಚ್ಚಳ ಎಲ್ಲಿ ಎಂದರೆ ಹಿತ್ತಲಿಗೆ ಕರೆದುಕೊಂಡು ಹೋದರು. ಮುಚ್ಚಳದ ಕೆಳಗೆ ಕೋಳಿಮರಿಗಳಿದ್ದವು. ಕಾರ್ಖಾನೆಯಿಂದ ಬರುವಾಗ ಅದು ಬೈಂಡಿಂಗ್ ವೈರಿನಲ್ಲಿ ಮೆಷಿನ್ನಿನ ಕಾಲಿಗೆ ಕಟ್ಟಿತ್ತಂತೆ. ತಂದವನು “ಪೂಜೆ ಆದ್ಮೇಲೆ ಹಾಕ್ಕಳಿ” ಎಂದು ಹೇಳಿ ಗಾಡಿ ತಿರುಗಿಸಿದನಂತೆ. ಪೂಜೆ ಆಯಿತು. ಮುಚ್ಚಳ ಹಾಕಿಕೊಳ್ಳಲಿಲ್ಲ.

ಅಪ್ಪಾಜಿ, ಇಷ್ಟು ಮಾಡಿ. ಇನ್ನು ಮೇಲೆ ಮುಚ್ಚಳ ಬಿಗಿದೇ ಕಳಿಸಿ. ಈಗಾಗಲೇ ಹೋಗಿರುವ ಮೆಷಿನ್ನುಗಳಿಗೆ ಫಿಟ್ಟರ್ ಹಾಲೇಶನನ್ನು ಕಳಿಸಿ ಹಾಕಿಸಿ. ನಾಲ್ಕು ಬೋಲ್ಟಿನ ಕೆಲಸ. ಅದು ಆಗುವವರೆಗೆ ನನಗೆ ಗೌರಿ ಹಬ್ಬದ ಬಾಗಿನ ಕಳಿಸಬೇಡಿ. ಇಸಿದುಕೊಳ್ಳಲು ನನಗೆ ಮುಖವಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ
ಸುಮನಾ

*

ತರೀಕೆರೆ
೧೨ ಸೆಪ್ಟೆಂಬರ್ ೨೦೨೪

ಮಗಳು ಸುಮನಾಳಿಗೆ ಅಪ್ಪನ ಹಾರೈಕೆ.

ಕಾಗದ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ಇನ್ನೂ ಜಾಸ್ತಿ ಬಂತು. ಬಾಗಿನ ಬೇಡ ಎನ್ನುವಷ್ಟು ದೊಡ್ಡವಳಾದೆಯಾ? ಆಗಲಿ. ನಿನ್ನ ಅವ್ವ ಇದ್ದಿದ್ದರೆ ನಿನಗೆ ಎರಡು ಮಾತು ಬಿಗಿಯಾಗಿ ಹೇಳುತ್ತಿದ್ದಳು.

ನಾಲ್ಕು ಬೋಲ್ಟು ಎಂದು ಸಲೀಸಾಗಿ ಬರೆದಿದ್ದೀಯ. ಈ ಕಾರ್ಖಾನೆ ನಾಲ್ಕು ಬೋಲ್ಟಿನಲ್ಲಿ ಎದ್ದು ನಿಂತದ್ದಲ್ಲ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಐಟಿಐ ಓದಿ ಬಂದವನು ಸುತ್ತಿಗೆ ಹಿಡಿದು ಕೂತೆ ಎಂದು ನಿನ್ನ ತಾತ ಆರು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಎಪ್ಪತ್ತೊಂಬತ್ತರಲ್ಲಿ ಅಜ್ಜಂಪುರದಲ್ಲಿ ಬಾಡಿಗೆಯ ಕೊಟ್ಟಿಗೆಯಲ್ಲಿ ಕೈಚಕ್ರದ ಮೊದಲ ಮೆಷಿನ್ ಮಾಡಿದೆ. ನೀನು ಹುಟ್ಟಿ ಮೂರು ತಿಂಗಳು. ಕೊಳ್ಳುವುದಕ್ಕೆ ಒಬ್ಬ ಪುಣ್ಯಾತ್ಮ ಸಿಕ್ಕಿದ, ಆದರೆ ಅವನ ಹೆಂಡತಿ ಕಾಂತಮ್ಮ ಬಾಗಿಲಿಗೆ ಅಡ್ಡ ನಿಂತಳು. ಕತ್ತಿ ಕಟ್ಟಿದ ಚಕ್ರ ಮನೆಯೊಳಗೆ ಬಂದರೆ ಹಸು ಹಾಲು ಇಳಿಸುವುದಿಲ್ಲ ಎಂದು ಅವಳ ವಾದ. ಆಗ ನಿನ್ನ ಅವ್ವ ಮಲ್ಲಿಕಾಂಬ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಾಡಿ ಹತ್ತಿದಳು. ಬ್ಲೇಡಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೊದಲ ತೆಕ್ಕೆ ಹುಲ್ಲನ್ನು ತಾನೇ ಕತ್ತರಿಸಿ ಹಸುವಿನ ಮುಂದೆ ಹಾಕಿದಳು. ಹಸು ತಿಂದಿತು. ಕಾಂತಮ್ಮ ಪಕ್ಕಕ್ಕೆ ಸರಿದಳು. ಅಲ್ಲಿಂದ ಹತ್ತು ವರ್ಷ ಹೋದ ಹೋದ ಮೆಷಿನ್ನಿನ ಹಿಂದೆ ಅವಳು ಕುಂಕುಮದ ಭರಣಿ ಹಿಡಿದು ಹೋದಳು. ಹೆಂಗಸರು ನಂಬಿದ್ದು ನನ್ನ ವೆಲ್ಡಿಂಗನ್ನಲ್ಲ, ಅವಳ ಕೈಯನ್ನು.

ತೊಂಬತ್ತೊಂದರಲ್ಲಿ ಕಡೂರಿನ ಶೆಡ್, ಮೋಟಾರು. ಎರಡು ಸಾವಿರದ ಆರರಲ್ಲಿ ತರೀಕೆರೆಯ ಈ ಕಾರ್ಖಾನೆ. ನಿನ್ನ ತಮ್ಮ ರುದ್ರಮೂರ್ತಿ ಡಿಪ್ಲೊಮಾ ಮುಗಿಸಿ ಬಂದ ಮೇಲೆ ಪೇಂಟಿಂಗ್ ಬೂತು, ಹೊಸ ಲೇತು. ಕರೆಂಟಿನ ಮೆಷಿನ್ನೇ ನಾಲ್ಕು ಸಾವಿರದ ಮುನ್ನೂರು ಹೋಗಿವೆ. ಒಂದೊಂದಕ್ಕೂ ಮುಚ್ಚಳ ಕೊಟ್ಟಿದ್ದೇವೆ. ಪೂಜೆಗೆ ಬ್ಲೇಡು ಕಾಣಬೇಕಲ್ಲ, ಅದಕ್ಕೆ ಬಿಚ್ಚಿ ಕಟ್ಟಿ ಕಳಿಸುತ್ತೇವೆ. ಆಮೇಲೆ ಅವರು ಅದರಲ್ಲಿ ಕೋಳಿ ಮುಚ್ಚಿದರೆ ನಾನೇನು ಮಾಡಲಿ? ಚಪ್ಪಲಿ ಹೊಲಿದವನು ಕಾಲಿಗೆ ತೊಡಿಸಲೂ ಬರಬೇಕಾ?

ಗಾಯವಾದವರ ವಿಷಯಕ್ಕೆ ನನಗೂ ಸಂಕಟವಿದೆ. ಇಲ್ಲ ಎಂದುಕೊಳ್ಳಬೇಡ.

ನಿನ್ನ ಅಪ್ಪ
ತೀರ್ಥಪ್ಪ

*

ಕಡೂರು
೧೯ ಸೆಪ್ಟೆಂಬರ್ ೨೦೨೪

ಅಪ್ಪಾಜಿ,

ಚೆನ್ನಾಗಿ ಬರೆದಿದ್ದೀರಿ. ಕಾಂತಮ್ಮನ ಮನೆಯ ಬಾಗಿಲು ಕಣ್ಣಿಗೆ ಕಟ್ಟಿತು. ಓದಿ ಅತ್ತೆ. ಆದರೆ ಅವ್ವ ಕುಂಕುಮ ಇಟ್ಟದ್ದು ಕೈಚಕ್ರಕ್ಕೆ. ಕೈ ನಿಂತರೆ ಆ ಚಕ್ರ ನಿಲ್ಲುತ್ತಿತ್ತು. ಈಗಿನದಕ್ಕೆ ಮೋಟಾರು ಇದೆ. ಅದಕ್ಕೆ ಹುಲ್ಲೂ ಒಂದೇ, ಬೆರಳೂ ಒಂದೇ. ಮೆಷಿನ್ ಬದಲಾಯಿತು, ಕಳಿಸುವ ಪದ್ಧತಿ ಮಾತ್ರ ಹಾಗೇ ಉಳಿಯಿತು.

ನೀವೇ ಯೋಚಿಸಿ. ಹೊಸ ಮೆಷಿನ್ ಮನೆಗೆ ಬಂದ ದಿನ ಎಲ್ಲರೂ ಸಡಗರದಲ್ಲಿರುತ್ತಾರೆ. ಪೂಜೆ ಮುಗಿದ ತಕ್ಷಣ ಸ್ವಿಚ್ ಹಾಕುತ್ತಾರೆ, ಬಾಯಿ ತೆರೆದೇ ಹುಲ್ಲು ಕೊಡುತ್ತಾರೆ. ಅದು ಚೆನ್ನಾಗಿ ಕತ್ತರಿಸುತ್ತದೆ. ಮುಚ್ಚಳವಿಲ್ಲದೇ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ಮುಚ್ಚಳ ಯಾಕೆ ಬೇಕೆಂದು ಯಾರಿಗೆ ಹೊಳೆಯುತ್ತದೆ? ಮೊದಲ ದಿನ ಕಲಿತದ್ದನ್ನೇ ಸಾಯುವವರೆಗೆ ಮಾಡುತ್ತಾರೆ. ಕಲಿಸಿದ್ದು ನಾವು.

ಚಪ್ಪಲಿಯ ಮಾತು ಬರೆದಿರಿ. ಚಪ್ಪಲಿ ಕಾಲು ಕಡಿಯುವುದಿಲ್ಲ.

ನಾನು ಬೆದರಿಸುತ್ತಿಲ್ಲ, ಹೇಳಿಬಿಡುತ್ತಿದ್ದೇನೆ. ಆಯುಧಪೂಜೆಯೊಳಗೆ ನೀವು ಶುರು ಮಾಡದಿದ್ದರೆ ಚಿಕ್ಕಮಗಳೂರಿನ ಕಾರ್ಖಾನೆ ಇಲಾಖೆಯ ಕಚೇರಿಗೆ ನಾನೇ ದೂರು ಬರೆಯುತ್ತೇನೆ. ತವರಿನ ಮೇಲೆ ದೂರು ಕೊಟ್ಟ ಮಗಳು ಎಂದು ಅನ್ನಿಸಿಕೊಳ್ಳುತ್ತೇನೆ. ಅದನ್ನು ನೆನೆದರೆ ಊಟ ಸೇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಹೆಂಗಸಿನ ಕೈ ನೆನಪಾದಾಗ ಸೇರುವುದಿಲ್ಲ.

ಸುಮನಾ

*

ತರೀಕೆರೆ
೭ ಅಕ್ಟೋಬರ್ ೨೦೨೪

ಸುಮನಾ, ತಾಯಿ,

ತಡವಾಯಿತು. ಬರೆಯಲು ಕೂತು ಮೂರು ಹಾಳೆ ಹರಿದೆ.

ನಿನ್ನ ಕಾಗದವನ್ನು ರುದ್ರನ ಮುಂದೆ ಇಟ್ಟೆ. ಓದಿ ಏನೋ ಹೇಳಿದ. ನನಗೆ ಕೇಳಲಿಲ್ಲ. ಕೂಗಿದ. ಲೇತಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಮೆಷಿನ್ ಕೆಲಸದ ಲೆಕ್ಕ ಬರೆಯುವ ಜಾಬ್ ಕಾರ್ಡಿನ ಹಿಂದೆ ಬರೆದು ತೋರಿಸಿದ. ಸರ್ಕಾರದ ಸಬ್ಸಿಡಿ ಮೆಷಿನ್ನುಗಳ ಪಟ್ಟಿಗೆ ಈ ವರ್ಷ ನಮ್ಮ ಹೆಸರು ಸೇರಬೇಕು, ನವೆಂಬರಿನಲ್ಲಿ ನೋಡಲು ಬರುತ್ತಾರೆ, ಅಷ್ಟರಲ್ಲಿ ಒಂದು ದೂರು ಬಿದ್ದರೂ ನಾವು ಹೊರಗೆ. ಪಟ್ಟಿಯಲ್ಲಿಲ್ಲದ ಮೆಷಿನ್ನನ್ನು ಈಗ ಯಾರೂ ಕೊಳ್ಳುವುದಿಲ್ಲ. ಎರಡು ವರ್ಷದಿಂದ ಉತ್ತರದ ಕಡೆಯ ಮಾಲು ಬಂದು ಅರ್ಧ ವ್ಯಾಪಾರ ತಿಂದಿದೆ. ಈ ಸಲ ತಪ್ಪಿದರೆ ಬಾಗಿಲು ಹಾಕಬೇಕು. ಕೊನೆಯಲ್ಲಿ ದೊಡ್ಡಕ್ಷರದಲ್ಲಿ ಬರೆದ: ಅರವತ್ತು ಮನೆ ಅಪ್ಪಾಜಿ.

ಅವನು ಕೆಟ್ಟವನಲ್ಲ ಕಣಮ್ಮ. ಕಳೆದ ವರ್ಷ ಮುಚ್ಚಳ ಬಿಗಿದು ಇಪ್ಪತ್ತು ಮೆಷಿನ್ ಕಳಿಸಿ ನೋಡಿದ್ದನಂತೆ, ನನಗೇ ಗೊತ್ತಿರಲಿಲ್ಲ. ಹದಿನಾಲ್ಕು ವಾಪಸ್ ಬಂದವು. ‘ಬಾಯಿ ಕಟ್ಟಿದ ಮೆಷಿನ್’ ಶುಭವಲ್ಲ ಎಂದು ಅಂಗಡಿಯವರು ಹೇಳಿ ಕಳಿಸಿದರಂತೆ.

ನನ್ನ ವಯಸ್ಸು ಎಪ್ಪತ್ತೆಂಟು. ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ನಾನು ಏನನ್ನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ನವೆಂಬರ್ ಹದಿನೈದರವರೆಗೆ ಸುಮ್ಮನಿರು. ನೋಡಲು ಬರುವವರು ಬಂದು ಹೋಗಲಿ. ಮಾರನೆಯ ದಿನ ಹಾಲೇಶನ ಜೊತೆ ನಾನೇ ಗಾಡಿ ಹತ್ತುತ್ತೇನೆ. ಆವರೆಗೆ ನಿನ್ನ ಅವ್ವ ಹಾಕಿಕೊಟ್ಟ ಪದ್ಧತಿಗೆ ಕೈ ಹಾಕಬೇಡ. ನಲವತ್ತು ದಿನ ಅಷ್ಟೇ.

ನಿನ್ನನ್ನು ಬೇಡಿಕೊಳ್ಳುವ
ಅಪ್ಪ

*

ಕಡೂರು
೧೪ ಅಕ್ಟೋಬರ್ ೨೦೨೪

ಅಪ್ಪಾಜಿ,

ಆಯುಧಪೂಜೆ ಮುಗಿಯಿತು. ಬರೆದಿಟ್ಟ ದೂರು ನನ್ನ ಹತ್ತಿರವೇ ಇದೆ.

‘ಬೇಡಿಕೊಳ್ಳುವ ಅಪ್ಪ’ ಎಂದು ಬರೆಯಬಾರದಿತ್ತು. ಆ ಎರಡು ಪದಕ್ಕೆ ನಾನು ಸೋತೆ. ನೀವು ಬೈದು ಬರೆದಿದ್ದರೆ ಗೆಲ್ಲುತ್ತಿದ್ದೆ.

ಕಾಯುತ್ತೇನೆ. ನವೆಂಬರ್ ಹದಿನೈದು. ಅದರ ಮೇಲೆ ಒಂದು ದಿನವೂ ಇಲ್ಲ. ಅಷ್ಟರೊಳಗೆ ಯಾರಿಗೂ ಏನೂ ಆಗದಿರಲಿ ಎಂದು ದಿನಾ ಬೆಳಗ್ಗೆ ಲಿಂಗಪೂಜೆಗೆ ಕೂತಾಗ ಕೇಳಿಕೊಳ್ಳುತ್ತೇನೆ. ನೀವೂ ಕೇಳಿಕೊಳ್ಳಿ.

ಸುಮನಾ

*

ಕಡೂರು
೪ ನವೆಂಬರ್ ೨೦೨೪

ಅಪ್ಪಾಜಿ,

ಅವಳ ಹೆಸರು ನಯನ. ಪಂಚನಹಳ್ಳಿಯವಳು. ಇಪ್ಪತ್ತು ವರ್ಷ. ಕಡೂರಿನ ಕಾಲೇಜಿನಲ್ಲಿ ಬಿಕಾಂ ಕೊನೆಯ ವರ್ಷ. ಬಲಗೈ ಮಣಿಕಟ್ಟಿನಿಂದ ಇಲ್ಲ.

ಬಲಿಪಾಡ್ಯಮಿಯ ದಿನ ಹೊಸ ಮೆಷಿನ್ನಿಗೆ ಪೂಜೆ ಮಾಡಿದ್ದಾರೆ. ಅವಳ ತಾಯಿ ಪ್ರೇಮಮ್ಮ ಬ್ಲೇಡಿಗೆ ಕುಂಕುಮ ಇಟ್ಟಿದ್ದಾಳೆ. ಮೊದಲ ತೆಕ್ಕೆಯನ್ನು ಮನೆಮಗಳು ಕೊಡಲಿ ಎಂದು ನಯನಳನ್ನು ಕರೆದಿದ್ದಾಳೆ. ಜೋಳದ ದಂಟು ಹಸಿಯಾಗಿತ್ತು, ಸಿಕ್ಕಿಕೊಂಡಿತು, ಇವಳು ಒಳಗೆ ತಳ್ಳಿದ್ದಾಳೆ. ಆಟೋದಲ್ಲಿ ಕರೆದುಕೊಂಡು ಬಂದಾಗ ಸುತ್ತಿದ್ದ ಟವೆಲನ್ನು ಬಿಚ್ಚಿದವಳು ನಾನು. ಕೆಂಪಗಿದ್ದುದರಲ್ಲಿ ಯಾವುದು ಕುಂಕುಮ, ಯಾವುದು ರಕ್ತ ಎಂದು ನನಗೆ ತಿಳಿಯಲಿಲ್ಲ.

ರಕ್ತ ನಿಲ್ಲಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಪ್ರೇಮಮ್ಮ ಹೊರಡುವ ಮುಂಚೆ ನನ್ನ ಕೈ ಹಿಡಿದುಕೊಂಡಳು.

“ನೀನೊಬ್ಳು ದೇವ್ರಂಗೆ ಬಂದೆ ಕಣವ್ವ. ನಿನ್ ಹೆಸ್ರೇನು?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಹೇಳಿದೆ. ಅವಳು ನನ್ನ ಮುಖ ನೋಡಿದಳು. “ಅದ್ರ ಹೆಸ್ರೂ ಅದೇ” ಎಂದಳು. ಅಷ್ಟೇ. ಸಿಟ್ಟಿನಿಂದ ಹೇಳಲಿಲ್ಲ. ಕೈ ಬಿಟ್ಟು ಗಾಡಿ ಹತ್ತಿದಳು.

ನಿನ್ನೆ ಪಂಚನಹಳ್ಳಿಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ, ಮೆಷಿನ್ ಅಂಗಳದಲ್ಲೇ ಇತ್ತು. ಮುಚ್ಚಳ ಇನ್ನೂ ಕಾಲಿಗೆ ಕಟ್ಟಿಕೊಂಡಿತ್ತು, ವೈರನ್ನೂ ಬಿಚ್ಚಿಲ್ಲ. ತಯಾರಾದ ದಿನಾಂಕದ ತಗಡು ಓದಿದೆ. ಹದಿನೆಂಟನೇ ಅಕ್ಟೋಬರ್. ನಾನು ಕಾಯುತ್ತೇನೆ ಎಂದು ನಿಮಗೆ ಬರೆದ ನಾಲ್ಕನೆಯ ದಿನ.

ಅಪ್ಪಾಜಿ, ನಾನು ದೂರು ಕೊಟ್ಟಿದ್ದರೆ ಆ ಮೆಷಿನ್ ಗೇಟು ದಾಟುತ್ತಿರಲಿಲ್ಲ. ಮೂರು ಕೈಗೆ ನಿಮ್ಮನ್ನು ಬೈದೆ. ಈ ಕೈಗೆ ಯಾರನ್ನು ಬೈಯಲಿ? ನೀವು ಕೇಳಿದಿರಿ, ನಾನು ಕೊಟ್ಟೆ. ಇಬ್ಬರೂ ಸೇರಿ ಮಾಡಿದ್ದು.

ಸುಮನಾ

*

ಕಡೂರು
೧೫ ನವೆಂಬರ್ ೨೦೨೪

ಅಪ್ಪಾಜಿ,

ಹನ್ನೊಂದು ದಿನದಿಂದ ಉತ್ತರವಿಲ್ಲ. ಇವತ್ತು ಗಡುವು.

ದೂರಿನ ಹಾಳೆ ಮುಂದಿದೆ. ಯಾರ ಮೇಲೆ ಎಂಬ ಜಾಗದಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ಎಲ್ಲ ತುಂಬಿದೆ. ಕೆಳಗೆ ಸಹಿ ಮಾಡಬೇಕು. ಬೆಳಗ್ಗೆಯಿಂದ ನಾಲ್ಕು ಸಲ ಪೆನ್ನು ತೆಗೆದೆ. ನನ್ನ ಕೈ ಗಟ್ಟಿಯಾಗಿಯೇ ಇದೆ. ಆದರೂ ಒಂದು ಗೆರೆ ಎಳೆಯಲು ಬರುತ್ತಿಲ್ಲ. ಅಲ್ಲೊಬ್ಬಳು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾಳಂತೆ.

ನೀವಾದರೂ ಏನಾದರೂ ಬರೆಯಿರಿ. ಬೈದಾದರೂ ಬರೆಯಿರಿ. ನನಗೆ ದಿಕ್ಕು ತೋಚುತ್ತಿಲ್ಲ.

ಸುಮನಾ

*

ತರೀಕೆರೆ
೨ ಡಿಸೆಂಬರ್ ೨೦೨೪

ಸುಮನಾ,

ನೀನು ಸಹಿ ಮಾಡಬೇಡ. ನಾನು ಮಾಡಿ ಬಂದಿದ್ದೇನೆ. ಹೋದ ಗುರುವಾರ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋದೆ. ಕಚೇರಿಯವರು ಅರ್ಜಿ ಓದಿ, ದೂರುದಾರರು ಯಾರು ಎಂದು ಬರೆದು ಕೇಳಿದರು. ನಾನು ಎಂದೆ. ಯಾರ ಮೇಲೆ ಎಂದರು. ನನ್ನ ಮೇಲೆ ಎಂದೆ. ಮುದುಕನಿಗೆ ಅರಳು ಮರಳು ಎಂದುಕೊಂಡು ನೀರು ಕೊಟ್ಟು ಕೂರಿಸಿದರು. ಆಮೇಲೆ ತೆಗೆದುಕೊಂಡರು.

ಇಷ್ಟು ದಿನ ಯಾಕೆ ಬರೆಯಲಿಲ್ಲವೆಂದರೆ, ಬರೆದರೆ ಪೂರ್ತಿ ಬರೆಯಬೇಕಿತ್ತು. ನಿನಗೆ ಕಾರ್ಖಾನೆಯ ಚರಿತ್ರೆ ಬರೆದಾಗ ಒಂದು ವರ್ಷವನ್ನು ಹಾರಿಸಿದ್ದೆ. ತೊಂಬತ್ತೇಳು. ಕಡೂರಿನ ಶೆಡ್ಡಿನಲ್ಲಿ ಈರಭದ್ರಪ್ಪ ಎಂಬ ಕೆಲಸಗಾರನಿದ್ದ. ಹೊಸ ಮೆಷಿನ್ನಿನ ಟ್ರಯಲ್ ನೋಡುವಾಗ ನಾಲ್ಕು ಬೆರಳು ಹೋದವು. ಕುಡಿದಿದ್ದ ಎಂದು ಊರಿಗೆಲ್ಲ ಹೇಳಿದೆ. ಅವನು ವೀಳ್ಯದೆಲೆಯನ್ನೂ ಹಾಕುತ್ತಿರಲಿಲ್ಲ.

ಆದರೆ ನನಗೆ ನಿದ್ದೆ ಹೋಯಿತು. ಎರಡು ತಿಂಗಳು ಕೂತು ಆ ಮುಚ್ಚಳ ಮಾಡಿದೆ. ಅದರ ಕೆಳಗೊಂದು ಸ್ವಿಚ್ ಇಟ್ಟೆ. ಮುಚ್ಚಳ ಕೂತಿದ್ದರೆ ಮಾತ್ರ ಮೋಟಾರು ತಿರುಗಬೇಕು, ಎತ್ತಿದರೆ ನಿಲ್ಲಬೇಕು. ಒಳ್ಳೆಯ ಕೆಲಸ ಸುಮನಾ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸ ಇನ್ನೊಂದು ಮಾಡಲಿಲ್ಲ. ನಲವತ್ತು ಮೆಷಿನ್ ಹಾಗೆ ಕಳಿಸಿದೆ. ಪೂಜೆಗೆಂದು ಮುಚ್ಚಳ ತೆಗೆದು, ಕುಂಕುಮ ಇಟ್ಟು, ಕಾಯಿ ಒಡೆದು ಸ್ವಿಚ್ ಹಾಕಿದರೆ ಮೆಷಿನ್ ಮಿಸುಕಲಿಲ್ಲ. ಪೂಜೆಯ ದಿನವೇ ನಿಂತ ಮೆಷಿನ್ ಎಂದು ಹೆಂಗಸರು ಅತ್ತರು. ಅಂಗಡಿಯವರು ಒಬ್ಬರ ಹಿಂದೆ ಒಬ್ಬರು ವಾಪಸ್ ಕಳಿಸಿದರು. ನಾನು ಸ್ವಿಚ್ ಕಿತ್ತೆ. ಮುಚ್ಚಳ ಬಿಚ್ಚಿ ಕಾಲಿಗೆ ಕಟ್ಟಿದೆ. ಪೂಜೆ ಆದಮೇಲೆ ಹಾಕಿಕೊಳ್ಳಿ ಎಂದು ಹೇಳಿ ಕಳಿಸಿ ಎಂದೆ. ಆ ಮಾತು ನನ್ನದು. ವ್ಯಾಪಾರ ಬೆಳೆದದ್ದು ಅಲ್ಲಿಂದ.

ಇನ್ನೊಂದು ಉಳಿದಿದೆ. ಇದನ್ನು ಬರೆಯಲು ಕೈ ಬರದೆ ಹದಿನೈದು ದಿನ ಹೋಯಿತು. ಅವ್ವ ಹಾಕಿಕೊಟ್ಟ ಪದ್ಧತಿ ಎಂದು ನಿನಗೆ ಬರೆದೆನಲ್ಲ, ಅದು ಸುಳ್ಳು. ಸ್ವಿಚ್ ಕೀಳುವ ದಿನ ಮಲ್ಲಿಕಾಂಬ ಶೆಡ್ಡಿಗೆ ಬಂದಿದ್ದಳು. “ಯಾಕ್ರೀ ಕೀಳ್ತೀರಿ? ಕುಂಕುಮ ಮುಚ್ಚಳಕ್ಕೇ ಇಟ್ರಾಯ್ತು. ಮತ್ತೆ ನಾನೇ ಊರೂರಿಗೆ ಹೋಗಿ ಇಟ್ಟು ತೋರಿಸ್ತೀನಿ, ಅವ್ರೂ ಕಲೀತಾರೆ” ಎಂದಳು. ನಾನು, “ನಿಂಗೇನು ಗೊತ್ತಾಯ್ತದೆ, ಒಳಗೆ ನಡಿ” ಎಂದೆ. ಅವಳು ಊರೂರು ಸುತ್ತಿ ಕಲಿಸುವಷ್ಟು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಆಮೇಲೆ ಅವಳು ಶೆಡ್ಡಿಗೆ ಬರುವುದನ್ನೇ ಬಿಟ್ಟಳು. ಅವಳು ತೀರಿಕೊಂಡ ಮೇಲೆ ನಾನು ಅವಳ ಹೆಸರಿನ ಹಿಂದೆ ಬಚ್ಚಿಟ್ಟುಕೊಂಡೆ. ಸತ್ತವರು ಇಲ್ಲ ಎನ್ನುವುದಿಲ್ಲವಲ್ಲ.

ನೀನು ಕಾದದ್ದಕ್ಕೆ ನಿನ್ನನ್ನು ನೀನು ಸುಟ್ಟುಕೊಳ್ಳಬೇಡ. ನಿನಗೆ ನಿಜ ಹೇಳಿದ್ದರೆ ನೀನು ಒಂದು ದಿನವೂ ಕಾಯುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

ತೀರ್ಥಪ್ಪ

*

ತರೀಕೆರೆ
೨೦ ಡಿಸೆಂಬರ್ ೨೦೨೪

ಅಕ್ಕ,

ಅಪ್ಪಾಜಿಗೆ ಕಾಗದ ಬರೆಯುವ ನಿನಗೆ ನಾನೂ ಒಂದು ಬರೆಯೋಣ ಎನ್ನಿಸಿತು. ಫೋನ್ ಮಾಡಿದರೆ ಬಾಯಿಗೆ ಬಂದಂತೆ ಬೈದುಬಿಡುತ್ತೇನೆ.

ಗೇಟಿಗೆ ನೋಟಿಸ್ ಅಂಟಿದೆ. ತಯಾರಿಕೆ ನಿಲ್ಲಿಸಿ ಎಂದಿದ್ದಾರೆ. ನವೆಂಬರಿನಲ್ಲಿ ಬಂದು ನೋಡಿ ಪಟ್ಟಿಗೆ ಸೇರಿಸಿದ್ದ ಹೆಸರೂ ಹೋಯಿತು. ಹಾಲೇಶ ಹೋದ ಸೋಮವಾರ ತನ್ನ ಟೂಲ್ ಬಾಕ್ಸ್ ತೆಗೆದುಕೊಂಡು ಹೋದ. ಹದಿನೆಂಟು ವರ್ಷ ಇದ್ದವನು ಹೋಗುವಾಗ ನನ್ನ ಮುಖ ನೋಡಲಿಲ್ಲ. ಪೇಂಟಿಂಗಿನ ಹೆಂಗಸರು ಏಳು ಜನ ಇನ್ನೂ ದಿನಾ ಬೆಳಗ್ಗೆ ಬಂದು ಗೇಟಿನ ಹೊರಗೆ ಕೂತು, ಮಧ್ಯಾಹ್ನ ಬುತ್ತಿ ಉಂಡು ಹೋಗುತ್ತಾರೆ. ಅವರಿಗೆ ಏನು ಹೇಳಬೇಕೆಂದು ನೀನೇ ಬಂದು ಹೇಳು.

ಈಗ ನೋಡು, ಮುಚ್ಚಳ ಹಾಕಿಸಿ ಎಂದು ನೀನು ಬರೆದೆ. ಹಾಕುವುದಕ್ಕೆ ಜನವೇ ಇಲ್ಲ. ಹೊರಗಿರುವ ನಾಲ್ಕು ಸಾವಿರ ಮೆಷಿನ್ನು ಬಾಯಿ ತೆರೆದುಕೊಂಡೇ ತಿರುಗುತ್ತಿವೆ. ನೀನೂ ಅಪ್ಪಾಜಿಯೂ ಸೇರಿ ನಿಲ್ಲಿಸಿದ್ದು ಕಾರ್ಖಾನೆಯನ್ನು, ಮೆಷಿನ್ನನ್ನಲ್ಲ.

ಆ ಹುಡುಗಿಯನ್ನು ನಾನು ನೋಡಿ ಬಂದೆ. ನಿನಗೆ ಹೇಳಬೇಕೆಂದು ಹೋದದ್ದಲ್ಲ. ಬಂದ ಮೇಲೆ ಒಂದು ವಾರ ನನ್ನ ಮಗಳು ಜಡೆ ಹಾಕಿಕೊಳ್ಳುವಾಗ ಅವಳ ಕೈಯನ್ನು ನೋಡಲು ಆಗಲಿಲ್ಲ. ಅದೂ ನಿಜ, ಮೇಲಿನದೂ ನಿಜ.

ಅಪ್ಪಾಜಿ ಬೆಳಗ್ಗೆ ಎದ್ದು ಚೀಲ ಹಿಡಿದು ಎಲ್ಲಿಗೋ ಹೋಗುತ್ತಾರೆ, ಸಂಜೆ ಬರುತ್ತಾರೆ. ನನ್ನ ಜೊತೆ ಮಾತಿಲ್ಲ. ನಾನೂ ಕೇಳುವುದಿಲ್ಲ.

ರುದ್ರಮೂರ್ತಿ

*

ತರೀಕೆರೆ
೧೧ ಜನವರಿ ೨೦೨೫

ಸುಮನಾ, ನನ್ನ ಮಗಳೇ,

ಡಿಸೆಂಬರಿನ ಕಾಗದಕ್ಕೆ ನೀನು ಉತ್ತರ ಬರೆದಿಲ್ಲ. ಬರೆಯದೇ ಇರುವುದೇ ಸರಿ ಎಂದು ಕೆಲವು ದಿನ ಅನ್ನಿಸಿತು. ಆದರೆ ಈಗ ಒಂದು ಕೆಲಸ ಬಿದ್ದಿದೆ, ನಿನ್ನ ಬಿಟ್ಟು ಕೇಳಲು ನನಗೆ ಯಾರೂ ಇಲ್ಲ.

ಒಂದು ತಿಂಗಳಿಂದ ಊರೂರು ಸುತ್ತುತ್ತಿದ್ದೇನೆ. ಹೊಸ ಮುಚ್ಚಳ ಮಾಡಬೇಕಾಗಿಲ್ಲ. ಎಲ್ಲ ಅಲ್ಲಲ್ಲೇ ಬಿದ್ದಿವೆ. ಒಂದು ಮನೆಯಲ್ಲಿ ಬಚ್ಚಲ ಒಲೆಗೆ ಗಾಳಿ ಮರೆ. ಇನ್ನೊಂದರಲ್ಲಿ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದರು. ನಾನು ಚೀಲದಲ್ಲಿ ಬೋಲ್ಟು, ಹದಿನೇಳನೇ ನಂಬರಿನ ಎರಡು ಸ್ಪ್ಯಾನರು ಇಟ್ಟುಕೊಂಡು ಹೋಗುತ್ತೇನೆ. ಕೆಲವರು ಕಾಫಿ ಕೊಟ್ಟು ಕಳಿಸುತ್ತಾರೆ, ಮುಚ್ಚಳ ಬೇಡ ಎನ್ನುತ್ತಾರೆ. ಸಿಂಗಟಗೆರೆಯಲ್ಲಿ ಒಂದು ಮನೆಯಲ್ಲಿ ಹಾಕಿ ಬಸ್ ಸ್ಟ್ಯಾಂಡಿಗೆ ಬಂದೆ. ಕೊಡೆ ಮರೆತಿತ್ತು. ವಾಪಸ್ ಹೋದರೆ ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಮತ್ತೆ ಹಾಕಿದೆ. ಮತ್ತೆ ಬಿಚ್ಚಿರುತ್ತಾರೆ. ಈವರೆಗೆ ಹಾಕಿ ಉಳಿದದ್ದು ಮೂವತ್ತೊಂದು ಎಂದು ನನ್ನ ಅಂದಾಜು.

ಮೊನ್ನೆ ಪಂಚನಹಳ್ಳಿಗೆ ಹೋದೆ. ಧೈರ್ಯ ಮಾಡಲು ಇಷ್ಟು ದಿನ ಬೇಕಾಯಿತು. ಆ ಮೆಷಿನ್ನನ್ನು ಗುಜರಿಗೆ ಹಾಕಿರುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಎರಡು ಎಮ್ಮೆ ಇವೆ, ಮೇವು ಕತ್ತರಿಸಲೇಬೇಕು. ಪ್ರೇಮಮ್ಮ ಅದೇ ಮೆಷಿನ್ನಿಗೆ ಅದೇ ತೆರೆದ ಬಾಯಿಯಲ್ಲಿ ಹುಲ್ಲು ಕೊಡುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವಳು ಏನೇನೋ ಅಂದಳು. ತುಟಿ ಆಡುವುದು ಕಾಣುತ್ತಿತ್ತು, ಒಂದಕ್ಷರವೂ ಕೇಳಲಿಲ್ಲ. ನನ್ನ ಕಿವಿಯ ಮೇಲೆ ನನಗೆ ಅಸಹ್ಯವಾದದ್ದು ಅವತ್ತೇ. ಆ ಬೈಗುಳ ನನಗೆ ಕೇಳಬೇಕಿತ್ತು. ಅವಳಿಗೆ ಬಾಯಿ ಸೋಲುವವರೆಗೆ ನಿಂತಿದ್ದೆ.

ಆಮೇಲೆ ವೈರು ಕಿತ್ತು, ಮುಚ್ಚಳ ಕೂರಿಸಿದೆ. ನಾಲ್ಕು ಬೋಲ್ಟಿನಲ್ಲಿ ಎರಡಕ್ಕೆ ಒಳಗಿನಿಂದ ಒಬ್ಬರು ಬೋಲ್ಟಿನ ತಲೆ ಹಿಡಿಯಬೇಕು, ಹೊರಗೆ ಇನ್ನೊಬ್ಬರು ನಟ್ ತಿರುಗಿಸಬೇಕು. ಒಬ್ಬನೇ ಆದರೆ ಬೋಲ್ಟೇ ಸುತ್ತುತ್ತದೆ. ಬೇರೆ ಮನೆಗಳಲ್ಲಿ ಯಾರಾದರೂ ಕೈ ಕೊಡುತ್ತಿದ್ದರು. ಇಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಕಾಲು ಗಂಟೆ ಒಬ್ಬನೇ ಒದ್ದಾಡಿದೆ. ಒಳಗಿನಿಂದ ಆ ಹುಡುಗಿ ಬಂದಳು. ಕರೆಂಟಿನ ಪ್ಲಗ್ ಕಿತ್ತಿದೆಯೇ ಎಂದು ನೋಡಿದಳು. ಒಂದು ಸ್ಪ್ಯಾನರನ್ನು ನನ್ನ ಕೈಯಿಂದ ತೆಗೆದುಕೊಂಡು, ಮೆಷಿನ್ನಿನ ಬಾಯೊಳಗೆ ಎಡಗೈ ಹಾಕಿ ಬೋಲ್ಟನ್ನು ಹಿಡಿದು ನಿಂತಳು.

ನನಗೆ ನಟ್ ತಿರುಗಿಸಲು ಆಗಲಿಲ್ಲ ಸುಮನಾ. ಅವಳು ಕಾದಳು. ಕೈ ನೋಯುತ್ತದೆ, ಬೇಗ ತಿರುಗಿಸಿ ಎಂದು ಕಣ್ಣಲ್ಲೇ ಹೇಳಿದಳು. ತಿರುಗಿಸಿದೆ. ಎರಡೂ ಬೋಲ್ಟು ಬಿಗಿದ ಮೇಲೆ ಅಂಗಳದ ಮಣ್ಣಿನಲ್ಲಿ ಎಡಗೈ ಬೆರಳಿನಿಂದ ಬರೆದು ಕೇಳಿದಳು. ಅಕ್ಷರ ಇನ್ನೂ ಓರೆಕೋರೆ. ‘ಇನ್ನೆಷ್ಟು ಮನೆ ಐತೆ ಅಜ್ಜ?’

ನಾನು ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡೆ. ಅವಳಿಗೆ ಹೇಳುವಂಥ ಸಂಖ್ಯೆಯಲ್ಲ ಅದು.

ಹತ್ತೊಂಬತ್ತನೇ ತಾರೀಕು ಭಾನುವಾರ ನಿನಗೆ ರಜೆ ಇರುತ್ತದೆ. ಅಂತರಘಟ್ಟೆಯ ಕಡೆ ಹನ್ನೆರಡು ಮನೆ ಗೊತ್ತುಮಾಡಿಕೊಂಡಿದ್ದೇನೆ. ಎಂಟು ಗಂಟೆಗೆ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ನನ್ನ ಜೊತೆ ಮಾತಾಡಬೇಕಾಗಿಲ್ಲ, ಆಡಿದರೂ ನನಗೆ ಕೇಳುವುದಿಲ್ಲ. ಒಳಗಿನಿಂದ ಬೋಲ್ಟು ಹಿಡಿದುಕೊಂಡರೆ ಸಾಕು.

ಅಪ್ಪ